ಗ್ರಂಥಭಂಡಾರದ ಬೆಲೆ: ಎರಡು ಓಲೆಪ್ರತಿಗಳ ಸಾಕ್ಷ್ಯ

ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳ ವಾರ್ಷಿಕ ವರದಿಗಳಲ್ಲಿ ಗ್ರಂಥಾಲಯವನ್ನು ಕುರಿತ ಭಾಗವು ಸಾಮಾನ್ಯವಾಗಿ ಅಂಕಿಗಳಲ್ಲಿಯೇ ಮುಗಿದುಹೋಗುತ್ತದೆ. ಸಂಗ್ರಹದಲ್ಲಿರುವ ಗ್ರಂಥಗಳೆಷ್ಟು, ವರ್ಷದಲ್ಲಿ ಕೊಂಡವೆಷ್ಟು, ಎರವಲು ಹೋದವೆಷ್ಟು, ವಾಚನಾಲಯದಲ್ಲಿ ಆಸನಗಳೆಷ್ಟು ಎಂಬ ಲೆಕ್ಕದಿಂದ ಅದರ ಯೋಗ್ಯತೆಯನ್ನು ನಿರ್ಣಯಿಸುವುದು ರೂಢಿ. ಪಠ್ಯಪುಸ್ತಕಗಳ ಮಟ್ಟಿಗೆ ಈ ಅಳತೆ ತಪ್ಪೇನಲ್ಲ. ಆದರೆ ಹಸ್ತಪ್ರತಿಗಳ ವಿಷಯದಲ್ಲಿ ಇದು ಪೂರ್ಣವಾಗಿ ಸೋಲುತ್ತದೆ. ಓಲೆಯ ಕಟ್ಟು ಎರವಲು ಹೋಗುವುದಿಲ್ಲ. ಅದನ್ನು ಬಿಚ್ಚಿ ಓದಬಲ್ಲವನು ಹತ್ತು ವರ್ಷಕ್ಕೊಮ್ಮೆ ಬಂದರೂ ಬಂದಾನು, ಬಾರದೆಯೂ ಇದ್ದಾನು. ಹೀಗಿರುವಾಗ ಅಂಥ ಸಂಗ್ರಹಕ್ಕೆ ಹಣವನ್ನೂ ಸಿಬ್ಬಂದಿಯನ್ನೂ ಏಕೆ ಕೊಡಬೇಕೆಂಬ ಪ್ರಶ್ನೆ ಆಡಳಿತ ವರ್ಗದಿಂದ ಬರುವುದು ಸಹಜವೇ. ಉತ್ತರವನ್ನು ತತ್ತ್ವಚರ್ಚೆಯಿಂದ ಕೊಡುವುದಕ್ಕಿಂತ ಪ್ರತಿಗಳ ಚರಿತ್ರೆಯಿಂದಲೇ ಕೊಡುವುದು ಮೇಲು.

ಮೈಸೂರಿನ ಪ್ರಾಚ್ಯ ಗ್ರಂಥಾಲಯವು 1891ರಲ್ಲಿ ಸ್ಥಾಪಿತವಾಯಿತು. ತಂಜಾವೂರು ಪ್ರಾಂತದ ಪಂಡಿತರೊಬ್ಬರು ಅಲ್ಲಿಗೆ ಒಪ್ಪಿಸಿದ ಗ್ರಂಥಲಿಪಿಯ ಓಲೆಪ್ರತಿಯೊಂದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಗುರುತಿಸಿದರು. 1905ರಿಂದ ಅನುವಾದದ ಭಾಗಗಳು ಹೊರಬಂದವು. 1909ರಲ್ಲಿ ಮೂಲವೂ 1915ರಲ್ಲಿ ಸಮಗ್ರ ಇಂಗ್ಲಿಷ್ ಅನುವಾದವೂ ಪ್ರಕಟವಾದವು. ಈ ಕಥೆಯನ್ನು ಆಕಸ್ಮಿಕವಾದ ನಿಧಿದರ್ಶನವೆಂಬಂತೆ ಹೇಳುವುದು ವಾಡಿಕೆಯಾಗಿದೆ. ಹಾಗೆ ಹೇಳುವುದರಿಂದ ಶಾಸ್ತ್ರಿಗಳ ಕೀರ್ತಿ ಬೆಳೆಯುತ್ತದೆಯೋ ಇಲ್ಲವೋ, ಗ್ರಂಥಾಲಯದ ಕೆಲಸವಂತೂ ಮರೆಯಾಗುತ್ತದೆ. ಪ್ರತಿ ಕೈಗೆ ಬಂದದ್ದು ದೈವಯೋಗವಿರಬಹುದು. ಅದನ್ನು ಸ್ವೀಕರಿಸುವ ಸಂಸ್ಥೆ, ಬಂದುದನ್ನು ಓದಿ ನೋಡುವ ಪದ್ಧತಿ, ಲಿಪಿಯನ್ನೂ ಶಾಸ್ತ್ರವನ್ನೂ ಬಲ್ಲ ಅಧಿಕಾರಿ, ಅಚ್ಚು ಹಾಕಿಸುವ ಗ್ರಂಥಮಾಲೆ ಇವಾವುವೂ ಆಕಸ್ಮಿಕವಲ್ಲ. ಪುಸ್ತಕಗಳ ಎಣಿಕೆಯನ್ನಷ್ಟೇ ಬಲ್ಲ ಗುಮಾಸ್ತನ ಕೈಗೆ ಬಂದಿದ್ದರೆ ಅದು ಇನ್ನೊಂದು ಕಟ್ಟಾಗಿ ಉಳಿಯುತ್ತಿತ್ತು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆರಂಭದೊಡನೆ ಆ ಗ್ರಂಥಾಲಯವೂ ಅದರ ಅಂಗವಾಯಿತು. ಅರ್ಥಶಾಸ್ತ್ರದ ಮುಂದಿನ ಇತಿಹಾಸ ಮಾತ್ರ ಮೈಸೂರಿಗೆ ಸೀಮಿತವಾಗಲಿಲ್ಲ. ತಿರುವನಂತಪುರದಲ್ಲಿ ಟಿ. ಗಣಪತಿಶಾಸ್ತ್ರಿಗಳೂ ಲಾಹೋರಿನಿಂದ ಹೊರಟ ಆವೃತ್ತಿಯಲ್ಲಿ ಯೊಲ್ಲಿ ಮತ್ತು ಶ್ಮಿಟ್ಟರೂ ಪಾಠವನ್ನು ಪುನಃ ಪರಿಶೀಲಿಸಿದರು. ಆಧಾರಪ್ರತಿಗಳು ಹೆಚ್ಚಾಗಿ ದಕ್ಷಿಣದ ಲಿಪಿಗಳವು. ಉತ್ತರದ ಸಾಕ್ಷ್ಯ ದೊರೆತದ್ದು ಗುಜರಾತಿನ ಪಾಟಣದ ಜೈನ ಭಂಡಾರದಿಂದ. ಗ್ರಂಥದ ಒಂದು ಭಾಗವನ್ನಷ್ಟೇ ಉಳಿಸಿಕೊಂಡಿದ್ದ ಆ ನಾಗರೀ ಪ್ರತಿಯನ್ನು ಮುನಿ ಜಿನವಿಜಯರು 1959ರಲ್ಲಿ ಪ್ರಕಟಿಸಿದರು; ಮುಂಬಯಿ ವಿಶ್ವವಿದ್ಯಾನಿಲಯವು 1960ರಲ್ಲಿ ಹೊರತಂದ ಆರ್. ಪಿ. ಕಾಂಗಲೆಯವರ ಪರಿಷ್ಕೃತ ಆವೃತ್ತಿಯಲ್ಲಿ ಅದು ಬಳಕೆಯಾಯಿತು. ಬ್ರಾಹ್ಮಣ ರಾಜನೀತಿಶಾಸ್ತ್ರದ ತುಣುಕೊಂದನ್ನು ಜೈನ ಭಂಡಾರವು ಶತಮಾನಗಳವರೆಗೆ ಕಾಪಾಡಿತೆಂಬುದು ಗಮನಾರ್ಹ. ಕಾಪಾಡಿದವರು ಅದರಿಂದ ಯಾವ ಪ್ರಯೋಜನವನ್ನು ಎಣಿಸಿದ್ದರೆಂದು ವರದಿ ಬರೆಯಬೇಕಾಗಿರಲಿಲ್ಲ.

ಎರಡನೆಯ ನಿದರ್ಶನ ಕನ್ನಡನಾಡಿಗೆ ಇನ್ನೂ ಸಮೀಪವಾದುದು. ಷಟ್ಖಂಡಾಗಮದ ಧವಲಾ ಟೀಕೆಯ ಓಲೆಪ್ರತಿಗಳು ಉಳಿದು ಬಂದದ್ದು ಮೂಡಬಿದಿರೆಯ ಸಿದ್ಧಾಂತಬಸದಿಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಶತಮಾನಗಳವರೆಗೆ ಅವು ದರ್ಶನಕ್ಕೆ ದೊರೆಯುತ್ತಿದ್ದವೇ ಹೊರತು ಅಧ್ಯಯನಕ್ಕಲ್ಲ. ಅಮರಾವತಿಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಹೀರಾಲಾಲ ಜೈನರು ಸಂಪಾದನೆಗೆ ತೊಡಗಿ 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಮುಂದಿದ್ದುದು ಪ್ರತಿಯ ಪ್ರತಿಗಳು ಮಾತ್ರ. ಆ ಸಂಪುಟದ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಬಿಟ್ಟುಹೋಗಿರಬೇಕೆಂದು ಸಂಪಾದಕರು ಊಹಿಸಿದರು. ಒಂದು ಪದದ ಮಾತಾದರೂ ಮನುಷ್ಯಿನಿಯರ ಗುಣಸ್ಥಾನಗಳ ವಿಚಾರವು ಅದನ್ನು ಅವಲಂಬಿಸಿದ್ದರಿಂದ ವಿವಾದ ತೀವ್ರವಾಯಿತು. ಮುಂದೆ ಮೂಡಬಿದಿರೆಯ ಮೂಲದೊಡನೆ ಹೋಲಿಸಿ ನೋಡುವ ಅವಕಾಶ ದೊರೆತಾಗ ಓಲೆಯಲ್ಲಿ ಆ ಪದವು ಇದ್ದುದು ಕಂಡುಬಂದಿತು. ತರ್ಕವು ಸೂಚಿಸಿದ್ದನ್ನು ಪ್ರತಿಯು ಸ್ಥಿರಪಡಿಸಿತು. ಓಲೆ ನಷ್ಟವಾಗಿದ್ದರೆ ಅಥವಾ ಬಿಚ್ಚದೆಯೇ ಉಳಿದಿದ್ದರೆ ಆ ಪಾಠವು ಇಂದಿಗೂ ಊಹೆಯೇ ಆಗಿರುತ್ತಿತ್ತು.

ಈ ಎರಡು ನಿದರ್ಶನಗಳಲ್ಲಿ ರಕ್ಷಣೆಯ ಹೊಣೆಯನ್ನು ಹೊತ್ತವರು ಬೇರೆ, ಪಾಠವನ್ನು ತಿದ್ದಿದವರು ಬೇರೆ. ಶಾಸ್ತ್ರದಾನದ ಪರಂಪರೆಯು ಪ್ರತಿಗಳನ್ನು ಉಳಿಸಿತು. ಅವನ್ನು ಪರಸ್ಪರ ಹೋಲಿಸುವ ಕೆಲಸ ಬಹುಮಟ್ಟಿಗೆ ಕಾಲೇಜು, ವಿಶ್ವವಿದ್ಯಾನಿಲಯಗಳ ವಿದ್ವಾಂಸರಿಂದ ನಡೆಯಿತು. ಇವರಿಬ್ಬರ ನಡುವಣ ಸೇತುವೆಯೆಂದರೆ ಸೂಚೀಪತ್ರ. ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದೆಡೆಯ ಓಲೆಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಹೊರಬಂದಿತು. ಕನ್ನಡನಾಡಿನ ಜೈನ ಭಂಡಾರಗಳ ಸೂಚಿಯು ಹಿಂದಿಯಲ್ಲಿ, ಕಾಶಿಯಲ್ಲಿ ಅಚ್ಚಾಗಬೇಕಾಯಿತೆಂಬುದನ್ನು ಇಲ್ಲಿನ ವಿದ್ಯಾಸಂಸ್ಥೆಗಳು ಸ್ವಲ್ಪ ಆಲೋಚಿಸಬೇಕಾಗಿದೆ.

ಇತ್ತೀಚಿನ ದಶಕಗಳಲ್ಲಿ ಓಲೆಗಳ ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸುವ ಕಾರ್ಯ ವೇಗ ಪಡೆದಿದೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಇದಕ್ಕೆ ಒತ್ತಾಸೆ ನೀಡಿತು. ಓಲೆಯನ್ನು ಮತ್ತೆ ಮತ್ತೆ ಮುಟ್ಟುವುದು ತಪ್ಪುವುದರಿಂದ ಇದು ಸ್ವಾಗತಾರ್ಹವೇ. ಆದರೆ ಚಿತ್ರವು ಪ್ರತಿಯನ್ನು ಓದಿಕೊಡುವುದಿಲ್ಲ. ಒಂದೇ ಕಟ್ಟಿನಲ್ಲಿ ಮೂರು ಕೃತಿಗಳಿದ್ದು ಸೂಚಿಯಲ್ಲಿ ಮೊದಲನೆಯದರ ಹೆಸರು ಮಾತ್ರ ದಾಖಲಾಗಿದ್ದರೆ ಉಳಿದೆರಡು ಕೃತಿಗಳು ಚಿತ್ರದಲ್ಲಿಯೂ ಅಜ್ಞಾತವಾಗಿಯೇ ಉಳಿಯುತ್ತವೆ. ಲಿಪಿಯನ್ನು ಬಲ್ಲವರು ಆದಿ ಅಂತ್ಯಗಳನ್ನೂ ಪುಷ್ಪಿಕೆಯನ್ನೂ ಓದಿ, ಲಿಪಿಕಾರನ ಹೆಸರು, ಶಕವರ್ಷ, ಲುಪ್ತವಾದ ಗರಿಗಳು ಇವನ್ನು ಬರೆದಿಡದ ಹೊರತು ಸಂಗ್ರಹವು ಗ್ರಂಥಾಲಯವೆನಿಸುವುದಿಲ್ಲ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಷ್ಟು ಹಿಂದೆಯೇ ಪ್ರಕಟವಾಗಿದೆ. ಅದರ ಸೂತ್ರಗಳನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿ, ಒಂದು ಓಲೆಯನ್ನೂ ಕೈಯಲ್ಲಿ ಹಿಡಿಯದೆ ಸ್ನಾತಕೋತ್ತರ ಪದವಿ ಪಡೆಯುವುದು ಸಾಧ್ಯವಿರುವವರೆಗೆ ಈ ಓದುವವರು ಎಲ್ಲಿಂದ ಬರಬೇಕು? ಹಸ್ತಪ್ರತಿ ವಿಭಾಗವೂ ಬೋಧನ ವಿಭಾಗವೂ ಒಂದೇ ಆವರಣದಲ್ಲಿದ್ದು ಒಂದನ್ನೊಂದು ಅರಿಯದಿರುವುದು ಹಣದ ಕೊರತೆಯ ಫಲವಲ್ಲ.

ವರದಿಗಳಿಗೆ ಅಂಕಿಗಳೇ ಬೇಕಾದರೆ ಅವಕ್ಕೂ ಅವಕಾಶವಿದೆ. ಈ ವರ್ಷ ಎಷ್ಟು ಕಟ್ಟುಗಳನ್ನು ಬಿಚ್ಚಿ ನೋಡಲಾಯಿತು, ಎಷ್ಟರ ಪುಷ್ಪಿಕೆಗಳನ್ನು ಓದಲಾಯಿತು, ಅನ್ಯ ಭಂಡಾರದ ಪ್ರತಿಯೊಡನೆ ಎಷ್ಟನ್ನು ಹೋಲಿಸಲಾಯಿತು, ಹಳಗನ್ನಡ ಲಿಪಿಯನ್ನು ಕಲಿತ ವಿದ್ಯಾರ್ಥಿಗಳೆಷ್ಟು ಮಂದಿ ಎಂಬ ನಾಲ್ಕು ಸಾಲುಗಳನ್ನು ಎರವಲಿನ ಲೆಕ್ಕದ ಪಕ್ಕದಲ್ಲಿ ಸೇರಿಸಬಹುದು. ಮೊದಲ ವರ್ಷ ಆ ಸಾಲುಗಳಲ್ಲಿ ಸೊನ್ನೆಯೇ ಬರಬಹುದು. ಬಂದರೆ ಹಾಗೆಯೇ ಅಚ್ಚಾಗಲಿ.