ಗೋಡೆಗೆ ಸುಣ್ಣ, ಮೇಜಿಗೆ ಅಗಸೆಯೆಣ್ಣೆ

ಯುಗಾದಿ ಸಮೀಪಿಸಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಸ್ವರೂಪವೇ ಬದಲಾಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ಮರದ ಜಾತಿಯನ್ನೂ ಹಳೆಯ ಬೀಗಗಳ ಮರ್ಮವನ್ನೂ ವಿಚಾರಿಸುವ ವಾಚಕರು, ಹಬ್ಬಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ, ಗೋಡೆಗೆ ಏನು ಹೊಡೆಸಬೇಕೆಂಬ ಒಂದೇ ಪ್ರಶ್ನೆಯನ್ನು ನಾನಾ ವಿಧವಾಗಿ ಕೇಳತೊಡಗುತ್ತಾರೆ. ಈ ಸಲ ಬಂದವುಗಳಲ್ಲಿ ಬಸವನಗುಡಿಯ ಗೃಹಿಣಿಯೊಬ್ಬರ ಪತ್ರ ನನ್ನ ಮೇಜಿನ ಮೇಲೆಯೇ ಉಳಿದಿದೆ. ಮನೆ ಅವರ ಅತ್ತೆಯವರ ಕಾಲದ್ದು. ಗಾರೆಯ ಗೋಡೆ, ಕೆಂಪು ನೆಲ. ಅಡಿಗೆಮನೆಗೂ ನಡುಮನೆಗೂ ನಡುವೆ ಇರುವ, ಈವರೆಗೆ ಹಳೆಯ ಸಾಮಾನುಗಳ ಉಗ್ರಾಣವಾಗಿದ್ದ, ಹತ್ತಡಿ ಹನ್ನೆರಡಡಿಯ ಕೋಣೆಯನ್ನು ಊಟದ ಮನೆಯಾಗಿ ಅಣಿಗೊಳಿಸಬೇಕೆಂಬುದು ಅವರ ಆಸೆ. ಕೈಯಲ್ಲಿ ಹಣ ಹೆಚ್ಚಿಲ್ಲ, ಅಂಗಡಿಯ ಹೊಸ ಮೇಜುಕುರ್ಚಿಗಳ ಸೆಟ್ ಕೊಳ್ಳಲು ಮನಸ್ಸೂ ಇಲ್ಲ. ಬಣ್ಣ ಯಾವುದು, ಮೇಜು ಎಲ್ಲಿಂದ ಎಂದು ಕೇಳಿದ್ದಾರೆ. ಬಣ್ಣದಿಂದಲೇ ಉತ್ತರವನ್ನು ಆರಂಭಿಸುವೆನೆಂದು ಕಳೆದ ವಾರ ಮಾತು ಕೊಟ್ಟಿದ್ದೇನಾದ್ದರಿಂದ ಅದನ್ನು ಮೊದಲು ತೀರಿಸುತ್ತೇನೆ.

ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಹಾವಳಿಯ ಕಾಲದಲ್ಲಿ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಗಾಳಿಬೆಳಕುಗಳಿಗೆ ತರಬೇಕೆಂಬ ಉದ್ದೇಶದಿಂದ ಹುಟ್ಟಿದ ಬಡಾವಣೆಗಳು. ಅಲ್ಲಿಯ ಹಳೆಯ ಮನೆಗಳ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಗಳಿಂದಾದುದು. ನೆಲದ ತೇವವನ್ನು ಹೀರಿಕೊಂಡು ಅದನ್ನು ಮೆಲ್ಲಮೆಲ್ಲನೆ ಗಾಳಿಗೆ ಬಿಟ್ಟುಕೊಡುವುದು ಅಂಥ ಗೋಡೆಯ ಸಹಜಗುಣ. ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ನಿನ ಪೊರೆಯನ್ನು ಹೊದಿಸಿದರೆ ಒಳಗಿನ ತೇವಕ್ಕೆ ಹೊರಬರುವ ದಾರಿ ಮುಚ್ಚಿಹೋಗಿ, ಮಳೆಗಾಲ ಕಳೆಯುವುದರೊಳಗಾಗಿ ಬಣ್ಣ ಬೊಕ್ಕೆಯೆದ್ದು, ಉಪ್ಪು ಹೊಮ್ಮಿ, ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಮನೆಯವರು ಬಣ್ಣದವನನ್ನು ಬಯ್ಯುತ್ತಾರೆ, ಬಣ್ಣದವನು ಗೋಡೆಯನ್ನು ಬಯ್ಯುತ್ತಾನೆ. ಗಾರೆಯ ಗೋಡೆಗೆ ಸುಣ್ಣವೇ ಯೋಗ್ಯವಾದ ವಸ್ತು, ಮತ್ತು ಅದೃಷ್ಟವಶಾತ್ ಅದೇ ಎಲ್ಲಕ್ಕಿಂತ ಅಗ್ಗವಾದುದು. ಅರಳಿಸಿದ ಸುಣ್ಣವು ಗೋಡೆಯ ಮೇಲೆ ಬರಿದೆ ಒಣಗಿ ನಿಲ್ಲುವುದಿಲ್ಲ. ಗಾಳಿಯಲ್ಲಿಯ ಇಂಗಾಲಾಮ್ಲ ವಾಯುವನ್ನು ಹೀರಿ, ತಾನು ಭಟ್ಟಿಗೆ ಹೋಗುವ ಮುನ್ನ ಯಾವ ಕಲ್ಲಾಗಿತ್ತೋ ಆ ಕಲ್ಲೇ ಮತ್ತೆ ಆಗುತ್ತದೆ. ಆದಕಾರಣ ಅದನ್ನು ದಪ್ಪವಾಗಿ ಒಂದು ಸಲ ಬಳಿದರೆ ಪ್ರಯೋಜನವಿಲ್ಲ. ಗೋಡೆಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಸೋಸಿದ ಸುಣ್ಣದ ತಿಳಿಗೆ ಬಿಸಿನೀರಿನಲ್ಲಿ ಕರಗಿಸಿದ ಗೋಂದನ್ನು ಬೆರೆಸಿ, ಕುಂಚದಿಂದ ಧಾರೆಯಾಗಿ ಇಳಿಯುವಷ್ಟು ತೆಳ್ಳಗೆ, ಒಂದು ಬಳಿತ ಒಣಗಿದ ಮೇಲೆ ಇನ್ನೊಂದರಂತೆ ಮೂರು ಸಲ ಬಳಿಯಬೇಕು. ಸುಣ್ಣದ ಕಲ್ಲನ್ನು ಮನೆಯಲ್ಲೇ ಅರಳಿಸುವವರು ಮಕ್ಕಳನ್ನು ದೂರವಿರಿಸಲಿ. ಕುದಿಯುವ ಸುಣ್ಣದ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

ಈ ಮೊದಲೇ ಎಮಲ್ಷನ್ ಬಳಿದ ಗೋಡೆಯಾದರೆ ಅದನ್ನು ಪೂರ್ಣವಾಗಿ ಕೆರೆದು ತೆಗೆಯದೆ ಸುಣ್ಣ ಹಿಡಿಯದು. ಸಿಮೆಂಟಿನ ಗೋಡೆ, ಪುಟ್ಟಿಯ ನುಣುಪು ಇರುವ ಫ್ಲ್ಯಾಟಿನವರು ಸುಣ್ಣದ ಗೋಜಿಗೆ ಹೋಗದೆ, ಹೊಳಪಿಲ್ಲದ ಸಾಧಾರಣ ಎಮಲ್ಷನ್ ಹೊಡೆಸುವುದೇ ಲೇಸು.

ಇನ್ನು ಬಣ್ಣ. ಕೆಂಪು ನೆಲವಿರುವ ಕೋಣೆಯಲ್ಲಿ ಶುದ್ಧ ಬಿಳುಪೆಂಬುದು ಇರಲಾರದು. ಹಗಲಿನಲ್ಲಿ ನೆಲಕ್ಕೆ ಬಿದ್ದ ಬೆಳಕು ಮೇಲೆ ಚಿಮ್ಮಿ ಗೋಡೆಯ ಕೆಳಭಾಗವನ್ನೆಲ್ಲ ನಸುಗೆಂಪು ಮಾಡುತ್ತದೆ. ಆ ಕೆಂಪಿನೊಡನೆ ಹೊಂದುವುದು ಹಳದಿ ಮಣ್ಣಿನ ಛಾಯೆ, ನೀಲಿಯಲ್ಲ. ನೀಲಿಯ ಕಡೆಗೆ ವಾಲಿದ ಗೋಡೆಯ ನಡುವೆ ಕುಳಿತು ಉಣ್ಣುವಾಗ ಸಾರೂ ಪಲ್ಯವೂ ಕಳೆಗುಂದಿ ಕಾಣುತ್ತವೆ. ತಿಳಿಹಳದಿಯ ನಡುವೆ ಅವೇ ಪದಾರ್ಥಗಳು ಆಗ ತಾನೆ ಒಲೆಯಿಂದ ಇಳಿದಂತಿರುತ್ತವೆ. ಬಕೆಟ್ಟಿನ ಸುಣ್ಣಕ್ಕೆ ಒಂದು ಹಿಡಿ ಹಳದಿ ಮಣ್ಣಿನಿಂದ ಆರಂಭಿಸಿ, ಮೂಲೆಯಲ್ಲಿ ಬಳಿದು, ಅದು ಪೂರ್ತಿ ಒಣಗುವವರೆಗೆ ಕಾಯಬೇಕು; ಹಸಿಯಾಗಿದ್ದಾಗ ಗಾಢವಾಗಿ ಕಂಡುದು ಒಣಗಿದ ಮೇಲೆ ಎಷ್ಟೋ ಪಾಲು ತಿಳಿಯಾಗುತ್ತದೆ. ಮಣ್ಣಿನ ಬಣ್ಣಗಳಿಗೆ ಸುಣ್ಣದ ಕ್ಷಾರವನ್ನು ಸಹಿಸುವ ಶಕ್ತಿಯುಂಟು, ಗಿಡಮೂಲದವುಗಳಿಗೆ ಸಾಮಾನ್ಯವಾಗಿ ಇಲ್ಲ. ಅರಿಸಿನವು ಸುಣ್ಣವನ್ನು ಸೋಕಿದೊಡನೆ ಕೆಂಪಾಗುವುದನ್ನು ಆರತಿಯ ತಟ್ಟೆಯಲ್ಲಿ ಕಾಣದ ಕನ್ನಡಿಗರುಂಟೆ? ಮಲೆನಾಡಿನ ದೀವರ ಹೆಣ್ಣುಮಕ್ಕಳು ತಮ್ಮ ಚಿತ್ತಾರಕ್ಕೆ ಕೆಮ್ಮಣ್ಣಿನ ನೆಲೆಯನ್ನೂ, ಅಕ್ಕಿಹಿಟ್ಟಿನ ಬಿಳುಪನ್ನೂ, ಹುರಿದ ಅಕ್ಕಿಯ ಕಪ್ಪನ್ನೂ, ಪುಂಡಿನಾರಿನ ಕುಂಚವನ್ನೂ ಆರಿಸಿಕೊಂಡುದರಲ್ಲಿ ಇರುವ ವಸ್ತುಜ್ಞಾನವನ್ನು ಬಣ್ಣದ ಕಂಪೆನಿಗಳ ಅಂಗೈಯಗಲದ ಛಾಯಾಪತ್ರಗಳು ನಮಗೆ ಕಲಿಸಲಾರವು.

ಗೋಡೆಯ ಮಾತು ಬಂದಾಗಲೆಲ್ಲ ನಾನು ಮೊರೆಹೋಗುವ ಗ್ರಂಥ ಒಂದಿದೆ; ಅಂಕಣದ ಹಳೆಯ ವಾಚಕರಿಗೆ ಅದು ಪರಿಚಿತವೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ, ಅಂದರೆ ಅಭಿಲಷಿತಾರ್ಥಚಿಂತಾಮಣಿ, ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಹುಟ್ಟಿದ್ದು. ಅದರ ಮೊದಲ ಭಾಗವನ್ನು ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಅಚ್ಚು ಹಾಕಿಸಿದರು. ನೂರು ಅಧ್ಯಾಯಗಳನ್ನು ಇಪ್ಪತ್ತರಂತೆ ಐದು ವಿಂಶತಿಗಳಾಗಿ ವಿಂಗಡಿಸಿದ ಆ ದೊರೆ, ಭಿತ್ತಿಯ ವಿಚಾರವನ್ನೂ ಭೋಜನದ ವಿಚಾರವನ್ನೂ ಉಪಭೋಗಗಳಿಗೆ ಮೀಸಲಾದ ಮೂರನೆಯ ವಿಂಶತಿಯಲ್ಲಿಯೇ ಇಟ್ಟಿದ್ದಾನೆ. ಚಿತ್ರ ಬರೆಯುವ ಗೋಡೆ ಹೇಗಿರಬೇಕೆಂದು ಅವನು ವಿವರಿಸುವ ರೀತಿಯೇ ರೀತಿ: ಸುಣ್ಣದಿಂದ ನುಣ್ಣಗೆ ಮಾಡಿದ, ತಗ್ಗುತೂತುಗಳಿಲ್ಲದ ಭಿತ್ತಿಯಾಗಬೇಕು; ಎಮ್ಮೆಯ ಹಸಿಚರ್ಮವನ್ನು ಬೆಣ್ಣೆಯಷ್ಟು ಮಿದುವಾಗುವ ತನಕ ನೀರಿನಲ್ಲಿ ಬೇಯಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಟ್ಟುಕೊಂಡು, ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ಬಿಸಿನೀರು ಹಾಕಿ ಕರಗಿಸಿದರೆ ಅದು ವಜ್ರಲೇಪ; ಆ ಲೇಪಕ್ಕೆ ಬಿಳಿಯ ಮಣ್ಣನ್ನು ಕೂಡಿಸಿ, ಒಣಗಿದ ಗೋಡೆಗೆ ಮೂರು ಸಲ ಬಳಿಯಬೇಕು; ಅದಾದ ಮೇಲೆ ಶಂಖದ ಚೂರ್ಣದ ಸರದಿ. ಇಷ್ಟೆಲ್ಲ ಆದ ಮೇಲೆಯೇ ಕುಂಚ ಕೈಗೆ ಬರತಕ್ಕದ್ದು. ಅದೇ ವಿಂಶತಿಯಲ್ಲಿ ಮುಂದೆ ಅನ್ನಭೋಗದ ಪ್ರಸಂಗ ಬರುತ್ತದೆ: ದೊರೆ ಮೆತ್ತನೆಯ ಆಸನದ ಮೇಲೆ ಪೂರ್ವಾಭಿಮುಖವಾಗಿ ಕುಳಿತು, ನಾಭಿಯಿಂದ ಮೊಣಕಾಲಿನವರೆಗೆ ಬಿಳಿಯ ವಸ್ತ್ರವನ್ನು ಹರಡಿಕೊಂಡು, ಚಿನ್ನದ ತಟ್ಟೆಯಲ್ಲಿ ಬಡಿಸಿಸಿಕೊಳ್ಳುತ್ತಾನೆ. ಚಿನ್ನದ ತಟ್ಟೆ ನಮಗೆ ಬೇಡ. ಆದರೆ ಕೂರುವ ಆಸನ, ಎದುರಿನ ದಿಕ್ಕು, ಬಟ್ಟೆಯ ಬಿಳುಪು, ಗೋಡೆಯ ನುಣುಪು ಇವೆಲ್ಲ ಊಟದ ಅಂಗಗಳೇ ಎಂದು ಬಗೆದ ಆ ಬುದ್ಧಿ ನಮಗೆ ಬೇಕು, ಮತ್ತು ಅದಕ್ಕೆ ಹಣ ತಗಲುವುದಿಲ್ಲ.

ಮರದ ವಿಷಯಕ್ಕೆ ಬರುವಾಗ ಒಂದು ಪಂಥದೊಡನೆ ನನಗಿರುವ ಹಳೆಯ ವ್ಯಾಜ್ಯವನ್ನು ಮತ್ತೆ ಎತ್ತದೆ ಗತ್ಯಂತರವಿಲ್ಲ. ಹಳೆಯ ತೇಗದ ಮೇಜನ್ನೋ ಬೀಟೆಯ ಬೀರುವನ್ನೋ ಕಡಿಮೆ ಬೆಲೆಗೆ ತಂದು, ಅದಕ್ಕೆ ಬಿಳಿಯ ಬಣ್ಣ ಬಳಿದು, ಬಳಿದ ಬಣ್ಣವನ್ನೇ ಅಂಚುಗಳಲ್ಲಿ ಉಪ್ಪುಕಾಗದದಿಂದ ಉಜ್ಜಿ ತೆಗೆದು, ಹೀಗೆ ಸವೆಸಿದುದನ್ನು ಸೊಬಗೆಂದು ಸಾರುವ ಪಂಥವದು. ನಿಜವಾದ ಹಳೆತನವನ್ನು ಮುಚ್ಚಿ ಕೃತಕವಾದ ಹಳೆತನವನ್ನು ಮೇಲೆ ಬರೆಯುವ ಈ ಕೆಲಸವನ್ನು ನಾನು ಎಂದೂ ಒಪ್ಪಲಾರೆ. ತೇಗದ ರಂಧ್ರಗಳೊಳಗೆ ಒಮ್ಮೆ ಇಳಿದ ಬಣ್ಣವನ್ನು ಹೊರತೆಗೆಯಲು ತಗಲುವ ಕೂಲಿ ಎಷ್ಟೋ ವೇಳೆ ಆ ಮೇಜಿನ ಕ್ರಯವನ್ನೇ ಮೀರುತ್ತದೆ; ಕೆತ್ತನೆಯ ಸಂದುಗಳಲ್ಲಿ ಅದು ಎಂದೆಂದಿಗೂ ಉಳಿಯುತ್ತದೆ. ಬಣ್ಣ ಬಳಿಯುವ ಚಪಲವೇ ಇದ್ದರೆ ಅದಕ್ಕೆ ತಕ್ಕ ಮರಗಳು ಬೇಕಾದಷ್ಟಿವೆ: ಕೊಡಗು ಚಿಕ್ಕಮಗಳೂರುಗಳ ಕಾಫಿತೋಟಗಳಲ್ಲಿ ನೆರಳಿಗಾಗಿ ಬೆಳೆಸಿ ಕಡಿಯುವ ಸಿಲ್ವರ್ ಓಕ್, ಮಾವು, ಸರಕಿನ ಪೆಟ್ಟಿಗೆಗಳ ಪೈನ್. ಇವುಗಳಿಗೆ ಬಣ್ಣವು ರಕ್ಷೆಯೂ ಹೌದು, ಅಲಂಕಾರವೂ ಹೌದು. ಊಟದ ಮನೆಯ ಪಾತ್ರೆಯ ಕಪಾಟನ್ನು ಇಂಥ ಮರದ್ದೇ ಕೊಂಡು ಕಾವಿಯ ಬಣ್ಣ ಹೊಡೆಸಿದರೆ, ನೆಲಕ್ಕೂ ಗೋಡೆಗೂ ಅದು ಸಂಬಂಧ ಕಲ್ಪಿಸುತ್ತದೆ.

ಮೇಜಿಗಾಗಿ ಬೆಂಗಳೂರಿನವರು ಶಿವಾಜಿನಗರದ ಹಳೆಯ ಪೀಠೋಪಕರಣಗಳ ಅಂಗಡಿಗಳನ್ನೂ, ಚಿಕ್ಕಪೇಟೆಯ ಸುತ್ತ ಭಾನುವಾರ ಬೆಳಗಿನಲ್ಲಿ ನೆರೆಯುವ ಸಂಡೇ ಬಜಾರನ್ನೂ ನೋಡಬಹುದು. ಹಳೆಯ ಮನೆ ಒಡೆಯುತ್ತಿರುವ ಕಡೆ ವಿಚಾರಿಸುವುದು ಅದಕ್ಕಿಂತ ಉತ್ತಮ. ಹೋಗುವಾಗ ಅಳತೆಪಟ್ಟಿ ಕೈಯಲ್ಲಿರಲಿ. ಊಟದ ಮೇಜಿನ ಎತ್ತರ 30 ಅಂಗುಲ, ಕುರ್ಚಿಯ ಪೀಠದ್ದು 18. ನಡುವಣ 12 ಅಂಗುಲದಲ್ಲಿ ತೊಡೆಗಳಿಗೆ ಅವಕಾಶವಾಗಬೇಕು. ಕಚೇರಿಯ ಹಳೆಯ ತೇಗದ ಮೇಜುಗಳು ಅಗ್ಗವಾಗಿ ದೊರೆಯುತ್ತವೆ, ಮರವೂ ಗಟ್ಟಿ. ಆದರೆ ಅವುಗಳ ಡ್ರಾಯರಿನ ಅಡ್ಡಪಟ್ಟಿ ಕೆಳಕ್ಕಿಳಿದು ಮೊಣಕಾಲಿಗೆ ತಾಗುತ್ತದೆಯಾಗಿ, ಡ್ರಾಯರು ತೆಗೆದು ಪಟ್ಟಿಯನ್ನು ಕಿರಿದುಗೊಳಿಸಲು ಬಡಗಿ ಒಪ್ಪುವುದಾದರೆ ಮಾತ್ರ ಕೊಳ್ಳಬೇಕು. ಒಬ್ಬೊಬ್ಬರಿಗೆ 24 ಅಂಗುಲದ ಅಗಲ, ಕುರ್ಚಿ ಹಿಂದೆಳೆದು ಏಳುವುದಕ್ಕೆ ಮೇಜಿನ ಪ್ರತಿ ಮಗ್ಗುಲಿಗೆ ಮೂರಡಿ. ಹತ್ತಡಿ ಅಗಲದ ಕೋಣೆಗೆ ಮೂರಡಿ ಅಗಲ, ಐದಡಿ ಉದ್ದದ ಮೇಜು ಸಲೀಸಾಗಿ ಹಿಡಿಯುತ್ತದೆ. ಬೆಲೆಯ ಮಾತಿಗೆ ಮುನ್ನ ಮೇಜನ್ನು ಬುಡಮೇಲು ಮಾಡಿಸಿರಿ. ಪಾಲಿಶ್ ಕಾಣದ ಕೆಳಮೈಯಲ್ಲಿ ಮರದ ಜಾತಿ ಬಯಲಾಗುತ್ತದೆ. ಉಜ್ಜುಗೊರಡಿನ ಏರುಪೇರಾದ ಗುರುತುಗಳಿದ್ದರೆ ಕೈಗೆಲಸವೆಂದು ತಿಳಿಯಬಹುದು. ಕಾಲುಗಳನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ತೂತುಗಳಿಂದ ಬಿಳಿಯ ಹುಡಿ ಉದುರಿದರೆ ಕುಟ್ಟೆಹುಳು ಇನ್ನೂ ಜೀವಂತವಾಗಿದೆ. ಅದನ್ನು ಬಿಟ್ಟು ಮುಂದೆ ನಡೆಯುವುದೇ ಕ್ಷೇಮ.

ಕೊಂಡು ತಂದ ಮೇಜಿಗೆ ಫ್ರೆಂಚ್ ಪಾಲಿಶ್ ಬೇಡ. ಅದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಬೀರುವಿಗೆ, ಮಂಚಕ್ಕೆ ಅದರಷ್ಟು ಸುಂದರವಾದ ಲೇಪ ಬೇರೊಂದಿಲ್ಲ, ಆದರೆ ಬಿಸಿಯ ಪಾತ್ರೆಯನ್ನೂ ನೀರಿನ ಲೋಟವನ್ನೂ ಅದು ತಾಳಲಾರದೆ ಬಿಳಿಯ ಬಳೆಗಳನ್ನು ಮೂಡಿಸುತ್ತದೆ. ಊಟದ ಮೇಜಿಗೆ ಅಗಸೆಯೆಣ್ಣೆಯೇ ಸರಿ: ಬಟ್ಟೆಯಿಂದ ತೆಳ್ಳಗೆ ತಿಕ್ಕಿ, ಮಿಕ್ಕುದನ್ನು ಒರೆಸಿ, ಅದು ಗಾಳಿಯಲ್ಲಿ ಗಟ್ಟಿಯಾದ ಮೇಲೆ ಮತ್ತೆ ತಿಕ್ಕಬೇಕು. ಕಲೆಯಾದ ಕಡೆ ಉಜ್ಜಿ ಪುನಃ ಎಣ್ಣೆ ಕೊಟ್ಟರೆ ಮುಗಿಯಿತು. ಇಡೀ ಹಲಗೆಯನ್ನು ಕೆದಕಬೇಕಾಗಿಲ್ಲ. ಎಣ್ಣೆ ಹೀರಿದ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಮೂಲೆಗೆಸೆಯಬಾರದು. ಅದು ತನಗೆ ತಾನೇ ಕಾವೇರಿ ಹೊತ್ತಿಕೊಳ್ಳುವುದುಂಟು. ಹರಡಿ ಒಣಗಿಸಿ ಆಮೇಲೆ ಬಿಸಾಡಬೇಕು.

ಕುರ್ಚಿಗಳೆಲ್ಲ ಒಂದೇ ಜೋಡಿಯವಾಗಬೇಕೆಂಬ ಹಟವನ್ನು ಬಿಟ್ಟರೆ ಅರ್ಧ ಹಣ ಉಳಿಯುತ್ತದೆ. ಪೀಠದ ಎತ್ತರ ಒಂದಾಗಿದ್ದು, ಎಲ್ಲಕ್ಕೂ ಬೆತ್ತದ ಹೆಣಿಗೆಯಿದ್ದರೆ, ಬೆನ್ನಿನ ಆಕಾರ ಬೇರೆಬೇರೆಯಾದರೂ ಅವು ಒಂದೇ ಮನೆತನದವಾಗಿ ಕಾಣುತ್ತವೆ. ಬಾಗಿಸಿದ ಮರದ ಕುರ್ಚಿ ಸಿಕ್ಕರೆ ಬಿಡಬಾರದು. 1859ರಲ್ಲಿ ಮಿಖಾಯೆಲ್ ಥೋನೆಟ್ ರೂಪಿಸಿದ ಆ ಬಗೆಯ ಕುರ್ಚಿ ಆರು ತುಂಡು ಮರ, ಹತ್ತು ತಿರುಪುಮೊಳೆ, ಎರಡು ನಟ್ಟುಗಳಿಂದಾದುದು, ಸಡಿಲವಾದುದನ್ನು ಮನೆಯಲ್ಲಿಯೇ ಬಿಗಿಮಾಡಬಹುದು. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಅಮೃತಶಿಲೆಯ ಮೇಜುಗಳ ಸುತ್ತ ಅಂಥವನ್ನು ಕಂಡವರು ಹಲವರಿರಬಹುದು.

ಬೆತ್ತದ ಹೆಸರೆತ್ತಿದ ಮೇಲೆ ಅದನ್ನು ಇಷ್ಟಕ್ಕೇ ಬಿಡಲು ನನಗೆ ಮನಸ್ಸಾಗದು. ಪಶ್ಚಿಮಘಟ್ಟದ ಕಾಡುಗಳಲ್ಲಿ ಮರದಿಂದ ಮರಕ್ಕೆ ಹಬ್ಬುವ ಆ ಮುಳ್ಳುಬಳ್ಳಿಯ ಹೊರಸಿಪ್ಪೆಯನ್ನು ಎಳೆಯಾಗಿ ಸೀಳಿ, ನೀರಿನಲ್ಲಿ ನೆನೆಹಾಕಿ, ಚೌಕಟ್ಟಿನ ಸುತ್ತಣ ತೂತುಗಳಲ್ಲಿ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ, ಕೊನೆಗೆ ಎರಡು ಓರೆಗಳಲ್ಲಿ ಕೋದು ಹೊರಟಾಗ, ಯಾರೂ ಬರೆಯದೆಯೇ ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ. ಒಣಗುತ್ತ ಎಳೆ ಕುಗ್ಗುತ್ತದೆಯಾದ್ದರಿಂದ ಹೆಣಿಗೆ ತಾನಾಗಿಯೇ ಬಿಗಿಯಾಗುತ್ತದೆ. ನಮ್ಮ ದೇಶದ ಅಂಧರ ಶಾಲೆಗಳಲ್ಲಿ ಈ ವಿದ್ಯೆಯನ್ನು ಬಹುಕಾಲದಿಂದ ಕಲಿಸುತ್ತ ಬಂದಿದ್ದಾರೆ. ಸರ್ಕಾರದ ಕಚೇರಿಗಳ ಕುರ್ಚಿಗಳನ್ನು ಹೆಣೆದು ಜೀವಿಸಿದ ದೃಷ್ಟಿಹೀನರು ಎಷ್ಟೋ ಮಂದಿ. ನೋಡುವ ಕಣ್ಣಿಗಿಂತ ಬೆರಳಿನ ತುದಿಯೇ ಈ ಕೆಲಸದಲ್ಲಿ ಹೆಚ್ಚಿನ ಪ್ರಮಾಣ: ಎಳೆಯ ನಯವಾದ ಮೈ ಮೇಲಿದೆಯೇ ಕೆಳಗಿದೆಯೇ, ಓರೆ ಎಳೆ ಮೂಲೆಯಲ್ಲಿ ಜಾರಿತೆ ತಡೆಯಿತೆ, ಇದೆಲ್ಲ ಮುಟ್ಟಿದವರಿಗೆ ತಿಳಿಯುವಷ್ಟು ನೋಡಿದವರಿಗೆ ತಿಳಿಯದು. ಪ್ಲಾಸ್ಟಿಕ್ ನವಾರೂ ಯಂತ್ರದ ಜಾಲರಿಯೂ ಬಂದು ಈ ಬೆರಳುಗಳಿಗೆ ಕೆಲಸ ಕಡಿಮೆಯಾದುದನ್ನು ನೆನೆದರೆ ನನಗೆ ನಿಜವಾಗಿಯೂ ದುಃಖವಾಗುತ್ತದೆ. ಹಳೆಯ ಕುರ್ಚಿಯೊಂದನ್ನು ಕೊಂಡು ಕೈಹೆಣಿಗೆಗೆ ಕೊಡುವ ಪ್ರತಿಯೊಂದು ಮನೆಯೂ ಆ ವಿದ್ಯೆಗೆ ಇನ್ನೊಂದಿಷ್ಟು ಆಯುಷ್ಯವನ್ನು ಕೊಟ್ಟಂತೆ.

ಆದರೆ ಎಳೆ ಹರಿಯದೆ ಬರಿದೆ ಜೋಲಿಬಿದ್ದ ಪೀಠಕ್ಕೆ ಹೊಸ ಹೆಣಿಗೆ ಬೇಕಿಲ್ಲ. ಕುರ್ಚಿಯನ್ನು ತಲೆಕೆಳಗಾಗಿಸಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬೆತ್ತದ ಕೆಳಮೈಯನ್ನು ಚೆನ್ನಾಗಿ ತೋಯಿಸಿ, ನೆರಳಿನಲ್ಲಿ ಒಣಗಲು ಬಿಟ್ಟು, ಪೂರ್ತಿ ಒಣಗುವವರೆಗೆ ಯಾರೂ ಕೂರದಂತೆ ನೋಡಿಕೊಂಡರೆ, ಬಹುಮಟ್ಟಿಗೆ ಅದು ಮತ್ತೆ ಬಿಗಿಯುತ್ತದೆ. ಬಸವನಗುಡಿಯ ವಾಚಕಿಯವರು ಇದನ್ನೇ ಮೊದಲು ಪರೀಕ್ಷಿಸಲಿ. ಬಿಗಿಯದ ಕುರ್ಚಿಗಳನ್ನು ಈ ವಾರವೇ ಹೆಣಿಗೆಗೆ ಕಳುಹಿಸಲಿ, ಏಕೆಂದರೆ ಒಳ್ಳೆಯ ಕೈಯವರು ಅವಸರಕ್ಕೆ ಒದಗುವವರಲ್ಲ. ಅಷ್ಟರಲ್ಲಿ ಗೋಡೆಯ ಮೂರು ಬಳಿತಗಳೂ ಮುಗಿದಿರುತ್ತವೆ. ಮೇಜನ್ನು ಸುಣ್ಣದ ಹನಿಗಳು ಬೀಳದ ಬೇರೆ ಕೋಣೆಯಲ್ಲಿರಿಸಿ ಎಣ್ಣೆ ತಿಕ್ಕಿಸಿ, ನೆಲವನ್ನು ತೊಳೆದ ಮೇಲೆ ಒಳಗೆ ತರಿಸಬಹುದು. ಆ ಕೋಣೆಗೆ ಯಾವ ದೀಪ ಎಂಬ ಅವರ ಇನ್ನೊಂದು ಪ್ರಶ್ನೆಯನ್ನು ಬರುವ ವಾರ ಎತ್ತಿಕೊಳ್ಳುತ್ತೇನೆ. ಅಲ್ಲಿಯ ತನಕ ಛಾವಣಿಗೆ ಕೊಳವೆದೀಪವನ್ನು ಮೊಳೆ ಹೊಡೆಸದಿರಲಿ.