ಕಲ್ಲು ಬಯಲಿಗೆ ಬಂತು, ಕಾಗದ ಯಾವಾಗ?

ಶಾಸನಗಳು ಎಲ್ಲರ ಸ್ವತ್ತು ಅಂತ ವಿದ್ವಾಂಸರು ಹೇಳುತ್ತಾರೆ. ಒಪ್ಪೋಣ. ಆದರೆ ಎಲ್ಲರು ಅಂದರೆ ಯಾರು? ಗುಡಿಯ ಪ್ರಾಕಾರದೊಳಕ್ಕೆ ಹೊಲಗೇರಿಯವರನ್ನು ಬಿಡದ ಊರಲ್ಲಿ ಅಲ್ಲಿ ನಿಂತ ಕಲ್ಲು ಎಲ್ಲರದು ಹೇಗಾದೀತು?

ಬಿ.ಎಲ್. ರೈಸ್ 1886ರಿಂದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳನ್ನು ಅಚ್ಚು ಹಾಕಿಸಿದರು. ಕೊಡಗು, ಹಳೇ ಮೈಸೂರಿನ ಸಾವಿರಾರು ಶಾಸನಗಳು ಪುಸ್ತಕಕ್ಕೆ ಬಂದವು. ದೊಡ್ಡ ಕೆಲಸವೇ, ಅಲ್ಲಗಳೆಯುವಂತಿಲ್ಲ. ಆದರೆ ಪೀಠಿಕೆ, ಅನುವಾದ ಇಂಗ್ಲಿಷಿನಲ್ಲಿ. ಪಾಠ ಹಳಗನ್ನಡ, ಸಂಸ್ಕೃತದಲ್ಲಿ. ಈಗ ಆ ಸಂಪುಟಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಬಿಡಿಸಿ ಹೇಳುವವರಿಲ್ಲದಿದ್ದರೆ ಸಿಕ್ಕರೂ ಒಂದೇ, ಸಿಗದಿದ್ದರೂ ಒಂದೇ.

ಬಿಡಿಸಿ ಓದಿದರೆ ಏನು ಕಾಣುತ್ತೆ? ಹತ್ತನೇ ಶತಮಾನದ ಆತಕೂರು ಶಾಸನ ನೋಡಿ. ಬೂತುಗನ ಕಡೆಯ ಮಣಲೆರ ಬಹುಮಾನವಾಗಿ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಅದು ಹಂದಿಯ ಜೊತೆ ಹೋರಾಡಿ ಸತ್ತಿತು. ಅದಕ್ಕೊಂದು ಕಲ್ಲು ನಿಂತಿತು, ಆ ಕಲ್ಲಿನ ಪೂಜೆಗೆ ಭೂಮಿಯೂ ಬಂತು. ನಾಯಿಯ ಮೇಲೆ ನಮಗೇನು ಸಿಟ್ಟಿಲ್ಲ. ಕಾಳಿಯ ಹೆಸರು ಉಳಿಯಿತು, ಆ ಕಲ್ಲು ಹೊತ್ತು ತಂದವರ ಹೆಸರು ಉಳಿಯಲಿಲ್ಲ. ದಾನದ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟಲಿ ಅಂತ ಎಷ್ಟೋ ಶಾಸನಗಳು ಶಾಪ ಹಾಕುತ್ತವೆ. ಬ್ರಾಹ್ಮಣನ ಭೂಮಿಗೂ ದೇವರ ಭೂಮಿಗೂ ಇಂಥ ಕಾವಲಿತ್ತು.

ನಮ್ಮವರ ಭೂಮಿ? ಊರ ಚಾಕರಿ ಮಾಡಿದ ತೋಟಿ, ನೀರಗಂಟಿಗಳಿಗೂ ಇನಾಮು ಭೂಮಿ ಇತ್ತು. ಅದರ ಲೆಕ್ಕ ಕಲ್ಲಿನ ಮೇಲಿರಲಿಲ್ಲ, ಶಾನುಭೋಗರ ದಫ್ತರದಲ್ಲಿತ್ತು. 1961ರ ಕಾಯ್ದೆ ವಂಶಪಾರಂಪರ್ಯದ ಊರ ಹುದ್ದೆಗಳನ್ನು ರದ್ದು ಮಾಡಿ ಆ ಭೂಮಿಯನ್ನು ಹುದ್ದೆ ಹೊಂದಿದ್ದವರಿಗೇ ಮರುಮಂಜೂರು ಮಾಡಲು ದಾರಿ ಮಾಡಿತು. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಭೂಮಿ ಷರತ್ತು ಮುರಿದು ಪರಭಾರೆಯಾಗಿದ್ದರೆ ಬಿಡಿಸಿಕೊಡಬೇಕು ಅಂತ 1978ರ ಕಾಯ್ದೆ ಬಂತು. ತಡವಾಗಿ ಬಂದ ಅರ್ಜಿ ನಿಲ್ಲದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಚಳವಳಿಯವರು ಬೀದಿಗಿಳಿದರು, ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯಾಯಿತು.

ಕಾಲಮಿತಿ ಹೋಯಿತು. ಮಂಜೂರಾತಿ ಕಾಗದ ಎಲ್ಲಿ? ಕಂಪ್ಯೂಟರಿನ ಪಹಣಿ ಇವತ್ತಿನ ಒಡೆಯನ ಹೆಸರು ಹೇಳುತ್ತೆ. ಮೊದಲು ಯಾರಿಗೆ, ಯಾವ ಷರತ್ತಿನ ಮೇಲೆ ಕೊಟ್ಟಿದ್ದು ಅನ್ನೋದು ತಾಲ್ಲೂಕು ಕಚೇರಿಯ ರೆಕಾರ್ಡು ರೂಮಿನ ಹಳೇ ಕಟ್ಟಿನಲ್ಲಿದೆ. ಅದು ಗೆದ್ದಲಿಗೆ ಹೋದರೆ ಹೊಲವೂ ಹೋಯಿತು.

ಕಲ್ಲನ್ನು ಪರಂಪರೆ ಅನ್ನುವ ಪಂಡಿತರು ಈ ಕಟ್ಟನ್ನು ಕಚೇರಿಯ ಕಸ ಅಂದುಕೊಂಡಿದ್ದಾರೆ. ನಮ್ಮ ಕೇರಿಗೆ ಪರಂಪರೆ ಇರುವುದೇ ಅದರಲ್ಲಿ. ಒಂದೊಂದು ಊರಿನ ಹಳೇ ಮಂಜೂರಾತಿ ಪಟ್ಟಿಯನ್ನು ಆ ಊರಿನ ಕೇರಿಗೇ ತಂದು, ಆಡುಮಾತಿನಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ನಕಲು ಕಾಸಿಲ್ಲದೆ ಕೊಡಬೇಕು. ಅಲ್ಲೀತನಕ ದಾಖಲೆ ಎಲ್ಲರದು ಅನ್ನುವ ಮಾತನ್ನು ನಾವು ನಂಬುವುದಿಲ್ಲ.