ಬಾಯೊಳಗಿನ ಹಾಸುಗಲ್ಲು

ತಾಂಡೂರಿನ ಹಾಸುಗಲ್ಲು ಕೂರಿಸುವವರ ಕೈಚಳಕ ಕಂಡಾಗಲೆಲ್ಲ ನನಗೆ ಅಂಗುಳದ ನೆನಪು. ವಿಚಿತ್ರ ಹೋಲಿಕೆ, ಇರಲಿ. ಭ್ರೂಣದ ಆರನೇ ವಾರ ಅಂಗುಳವಾಗಲಿರುವ ಎರಡು ಚಪ್ಪಡಿಗಳು ನಾಲಿಗೆಯ ಅಕ್ಕಪಕ್ಕ ಇಳಿಬಿದ್ದಿರುತ್ತವೆ. ಅವನ್ನು ಬೆಳೆಸುವುದು ಜೀನುಗಳ ಮಾತುಕತೆ: ಒಳಗಿನ ಎಫ್‌ಜಿಎಫ್10 ಕೂಗಿದರೆ ಹೊರಪದರದ ಸಾನಿಕ್ ಹೆಡ್ಜ್‌ಹಾಗ್ ಓಗೊಡುತ್ತದೆ. ಎಂಟನೇ ವಾರದ ಹೊತ್ತಿಗೆ ಚಪ್ಪಡಿಗಳು ಮೇಲೆದ್ದು ನಾಲಿಗೆಯ ಮೇಲೆ ಅಡ್ಡ ಚಾಚುತ್ತವೆ, ಆಮೇಲೆ ಕೂಡುತ್ತವೆ.

ಅಚ್ಚರಿಯಿರುವುದು ಇಲ್ಲೇ. ಕೂಡಿದಲ್ಲಿನ ಹೊರಪದರ ತಾನೇ ಇಲ್ಲವಾಗಬೇಕು. ಅದಕ್ಕೆ ಅಪ್ಪಣೆ ಟಿಜಿಎಫ್-ಬೀಟಾ3ಯದು. ಆ ಜೀನ್ ಇಲ್ಲದ ಇಲಿಮರಿಗಳು ಸೀಳಂಗುಳದೊಂದಿಗೇ ಹುಟ್ಟುವುದು 1995ರಲ್ಲಿ ಕಂಡಿತು. ಈ ಚಾವಣಿ ಮುಚ್ಚದಿದ್ದರೆ ಜಹೀರಾಬಾದ್, ನಾರಾಯಣಖೇಡದ ಮನೆಗಳ ಕನ್ನಡವಿರಲಿ, ತೆಲುಗಿರಲಿ, ‘ಪ’, ‘ಚ’ಗಳ ಉಸಿರು ಮೂಗಿಗೆ ಸೋರುತ್ತದೆ.

ನಾಲಿಗೆಯ ತುದಿಯಿಂದ ಮೇಲೆ ಸವರಿ ನೋಡಿ: ನಡುವಿನ ಸಣ್ಣ ಏಣೇ ಆ ಬೆಸುಗೆಯ ಗುರುತು.